ಮಹಾಪೂರದಲ್ಲಿ ಮನೆಯ ದಾರಿ



ಮಳೆಗಾಲದಲ್ಲಿ ಹೊರಗೆ ಹೋದವರು ಹೊತ್ತು ಮುಳುಗಿದರೂ ಬಾರದಿದ್ದರೆ ಮನೆಯಲ್ಲಿರುವವರ ಜೀವ ಹೇಗೆ ಹೊಯ್ದಾಡುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಬಾಗಿಲಿಗೆ ಬಂದು ದಾರಿ ನೋಡುವುದು, ಒಳಗೆ ಹೋಗುವುದು, ಮತ್ತೆ ಬಾಗಿಲಿಗೆ ಬರುವುದು. ದಾರಿಯಲ್ಲಿ ಸಿಕ್ಕಿಕೊಂಡವನ ಜೀವವೂ ಹಾಗೆಯೇ. ಹೇಗಾದರೂ ಸರಿ, ಮನೆ ಮುಟ್ಟಿದರೆ ಸಾಕು ಎನ್ನುತ್ತದೆ ಮನಸ್ಸು. ಈ 'ಹೇಗಾದರೂ ಸರಿ' ಎಂಬ ಮಾತಿನ ಬಗ್ಗೆಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದಕ್ಕಾಗಿ ಎರಡು ನೆರೆಗಳ ಸಂಗತಿ ಹೇಳುತ್ತೇನೆ. ಒಂದು ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದ್ದು. ಇನ್ನೊಂದು ನಮ್ಮ ತುಂಗಭದ್ರೆಯದು. ಎರಡೂ 2009ನೇ ಇಸವಿಯವು. ಎರಡರ ನಡುವೆ ಆರೇ ದಿನ.

ನಾನು ಆದೋನಿ ಸೀಮೆಯವನು. ನಮ್ಮೂರು ಮಂತ್ರಾಲಯದ ಆಸುಪಾಸಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಕೃಷಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನನ್ನು ಆ ವರ್ಷ ಆರು ವಾರಗಳ ತರಬೇತಿಗೆಂದು ಫಿಲಿಪ್ಪೀನ್ಸಿಗೆ ಕಳುಹಿಸಿದ್ದರು. ಅಲ್ಲಿ ಲಾಸ್ ಬಾನ್ಯೋಸ್ ಎಂಬ ಊರಿದೆ. ಮನಿಲಾದಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರು. 1960ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ನಾವು ಕಲಿಯಲು ಹೋಗಿದ್ದ ವಿಷಯಗಳಲ್ಲಿ ಒಂದು, ನೀರಿನಲ್ಲಿ ಮುಳುಗಿದರೂ ಸಾಯದ ಭತ್ತದ ತಳಿ.

ಆ ಭತ್ತದ ಗುಣ ಕೇಳಿದರೆ ನಿಮಗೂ ಆಶ್ಚರ್ಯವಾಗುತ್ತದೆ. ಸಾಮಾನ್ಯ ಭತ್ತದ ಪೈರು ನೆರೆಯಲ್ಲಿ ಮುಳುಗಿದರೆ, ನೀರಿನ ಮೇಲೆ ತಲೆ ಎತ್ತಬೇಕೆಂದು ಸರಸರನೆ ಉದ್ದವಾಗುತ್ತದೆ. ತನ್ನಲ್ಲಿರುವ ಸತ್ವವನ್ನೆಲ್ಲ ಅದಕ್ಕೇ ಸುರಿಯುತ್ತದೆ. ನೀರು ಇಳಿಯುವ ಹೊತ್ತಿಗೆ ನಿಲ್ಲಲು ತ್ರಾಣವಿಲ್ಲದೆ ಒರಗಿ ಕೊಳೆಯುತ್ತದೆ. ಒಡಿಶಾದ ಒಂದು ಹಳೆಯ ನಾಡತಳಿ ಹಾಗೆ ಮಾಡುವುದಿಲ್ಲ. ಮುಳುಗಿದ ಕೂಡಲೇ ಬೆಳೆಯುವುದನ್ನು ನಿಲ್ಲಿಸಿ ಸುಮ್ಮನಿರುತ್ತದೆ. ಎರಡು ವಾರದ ತನಕ ಹಾಗೇ ಇದ್ದು, ನೀರು ಇಳಿದ ಮೇಲೆ ಚಿಗುರುತ್ತದೆ. ಆ ಗುಣವನ್ನು ನಮ್ಮ ರೈತರಿಗೆ ಪರಿಚಿತವಾದ 'ಸ್ವರ್ಣ' ತಳಿಗೆ ಕೂಡಿಸಿ 'ಸ್ವರ್ಣ ಸಬ್-1' ಎಂಬ ಹೆಸರಿನಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದ್ದೂ ಅದೇ 2009ರಲ್ಲಿ. ಈ ಪಾಠವನ್ನು ತರಗತಿಯಲ್ಲಿ ಕೂತು ಬರೆದುಕೊಂಡಿದ್ದೆ. ಅದು ನನಗೂ ಸಲ್ಲುವ ಪಾಠ ಎಂದು ಆಗ ಹೊಳೆದಿರಲಿಲ್ಲ.

ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವುದನ್ನು ನಾವು ಚಂಡಮಾರುತ ಅನ್ನುತ್ತೇವೆ, ತೆಲುಗಿನವರು ತುಫಾನು ಅನ್ನುತ್ತಾರೆ. ಅದೇ ಸುಳಿಗಾಳಿ ಪೆಸಿಫಿಕ್ ಸಾಗರದ ಪಡುವಣ ಭಾಗದಲ್ಲಿ ಎದ್ದು ಬಲಿತರೆ ಅದಕ್ಕೆ ಟೈಫೂನ್ ಎಂದು ಹೆಸರು. ಫಿಲಿಪ್ಪೀನ್ಸಿನ ಜನರ ಬಾಯಲ್ಲಿ ಅದು 'ಬಗ್ಯೊ'. ವರ್ಷಕ್ಕೆ ಇಪ್ಪತ್ತರಷ್ಟು ಬಗ್ಯೊಗಳು ಅವರ ಸೀಮೆಗೆ ಬರುತ್ತವೆ. ಹಾಗಾಗಿ ಗಾಳಿಮಳೆಯ ಸುದ್ದಿ ಕೇಳಿದರೆ ಅವರು ನಮ್ಮ ಹಾಗೆ ಗಾಬರಿಯಾಗುವುದಿಲ್ಲ. ಆ ಸಲ ಬಂದದ್ದಕ್ಕೆ ಅವರು ಇಟ್ಟ ಹೆಸರು ಓಂದೊಯ್. ಹೊರದೇಶಗಳಲ್ಲಿ ಕೆತ್ಸಾನಾ ಎಂದು ಕರೆದರು. ಮನಿಲಾವನ್ನು ಹಾಯುವಾಗ ಅದಿನ್ನೂ ಪೂರ್ಣ ಟೈಫೂನ್ ಆಗಿರಲಿಲ್ಲ. ಗಾಳಿಯ ಬಿರುಸು ಕಡಿಮೆ. ಎಚ್ಚರಿಕೆಯ ಸಂಖ್ಯೆಯೂ ಎಲ್ಲಕ್ಕಿಂತ ಕೆಳಗಿನ 1. ಆ ಸಂಖ್ಯೆ ಗಾಳಿಯ ಲೆಕ್ಕದ್ದು. ಮಳೆಯ ಲೆಕ್ಕ ಅದರಲ್ಲಿ ಇರಲಿಲ್ಲ. ಜನ ಮೋಸ ಹೋದದ್ದು ಇಲ್ಲಿ.

ಸೆಪ್ಟೆಂಬರ್ 26, ಶನಿವಾರ. ತರಬೇತಿಗೆ ರಜೆ. ನಾನೂ ಬಾಂಗ್ಲಾದೇಶದ ಒಬ್ಬ ಸಹಪಾಠಿಯೂ ಬೆಳಿಗ್ಗೆ ಆರಕ್ಕೇ ಬಸ್ಸು ಹತ್ತಿ ಮನಿಲಾ ಕಡೆ ಹೊರಟೆವು. ಮನೆಗೆ ಒಂದಿಷ್ಟು ಸಾಮಾನು ಕೊಳ್ಳುವುದಿತ್ತು. ಜಿಟಿಜಿಟಿ ಮಳೆ ಇತ್ತು. ಕೇಸೊನ್ ಸಿಟಿಯ ಕುಬಾವೊ ಎಂಬಲ್ಲಿ ಇಳಿಯುವ ಹೊತ್ತಿಗೆ ಅದು ಕೊಡದಲ್ಲಿ ಹೊಯ್ದ ಹಾಗೆ ಸುರಿಯತೊಡಗಿತ್ತು. ಆ ದಿನ ಕೇಸೊನ್ ಸಿಟಿಯ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 455 ಮಿಲಿಮೀಟರ್ ಮಳೆ ದಾಖಲಾಯಿತು. ಅದರಲ್ಲಿ ಬಹುಪಾಲು ಬಿದ್ದದ್ದು ಆರು ತಾಸಿನಲ್ಲಿ. ನಮ್ಮ ಅನಂತಪುರದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರಿನ ಆಸುಪಾಸು. ನಮ್ಮ ಒಂದು ವರ್ಷದ ಮಳೆಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿದ್ದು ಅಲ್ಲಿ ಒಂದೇ ದಿನ ಬಿತ್ತು ಅಂದರೆ ಅದರ ಅಂದಾಜು ನಿಮಗಾದೀತು.

ಮಧ್ಯಾಹ್ನದ ಹೊತ್ತಿಗೆ ವಾಪಸು ಹೋಗುವ ಬಸ್ಸು ಸಿಕ್ಕಿತು. ಎಡ್ಸಾ ಎಂಬ ಹೆದ್ದಾರಿಯಲ್ಲಿ ಅರ್ಧ ತಾಸು ಚಲಿಸಿ ನಿಂತಿತು. ನಿಂತದ್ದು ನಿಂತೇ ಹೋಯಿತು. ಮುಂದೆ ವಾಹನ, ಹಿಂದೆ ವಾಹನ, ಎರಡೂ ಬದಿಯ ಓಣಿಗಳಲ್ಲಿ ಕಂದು ನೀರು. ಮೂರು ತಾಸು ಕಳೆಯಿತು. ಫೋನು ಹತ್ತುತ್ತಿಲ್ಲ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಮತ್ತೆ ಮತ್ತೆ ಒಂದೇ ಪದ ಆಡುತ್ತಿದ್ದರು: 'ಉವಿ'. ಅವರ ತಗಾಲೊಗ್ ಭಾಷೆಯಲ್ಲಿ ಮನೆಗೆ ಮರಳುವುದಕ್ಕೆಂದೇ ಇರುವ ಪದ ಅದು. ಬೇರೆ ಎಲ್ಲಿಗೆ ಹೋದರೂ ಆ ಪದ ಬಳಸುವುದಿಲ್ಲವಂತೆ. ಅವರ ಮಾತಿನಲ್ಲಿ ನಮ್ಮ ಪದಗಳೂ ಇವೆ ನೋಡಿ. ಗುರುವಿಗೆ 'ಗುರೊ', ಮುಖಕ್ಕೆ 'ಮುಖಾ', ಆಸೆಗೆ 'ಆಸಾ'. ಎಂದೋ ಯಾವ ಹಡಗಿನಲ್ಲಿ ಹೋದವೋ! ಭಾಷೆ ಬಾರದ ಊರಿನಲ್ಲಿ ಸಿಕ್ಕಿಬಿದ್ದವನಿಗೆ ಇಂಥ ಒಂದೊಂದು ಪದ ಕಿವಿಗೆ ಬಿದ್ದರೂ ಧೈರ್ಯ.

ಆದರೆ ನನ್ನ ಧೈರ್ಯ ಅತಿಯಾಯಿತು. ಸಹಪಾಠಿಗೆ ಹೇಳಿದೆ, 'ಇಳಿದು ನಡೆಯೋಣ, ಮುಂದೆಲ್ಲಾದರೂ ಬಸ್ಸು ಸಿಗುತ್ತದೆ' ಎಂದು. ಅವನು ಪದ್ಮಾ ನದಿಯ ದಂಡೆಯಲ್ಲಿ ಹುಟ್ಟಿದವನು, ವರ್ಷವರ್ಷವೂ ನೆರೆ ಕಂಡವನು. ತಲೆಯಲ್ಲಾಡಿಸಿದ. 'ಬಸ್ಸು ಎತ್ತರದ ಮೇಲಿದೆ. ಒಳಗೆ ಒಣಗಿದೆ. ಇಲ್ಲೇ ಇರು' ಎಂದ. ನಾನೂ ನದಿ ದಂಡೆಯವನೇ ಎಂಬ ಗರ್ವ ನನಗೆ. ಇಳಿದೆ.

ಮೊದಲು ಪಾದ ಮುಳುಗುವಷ್ಟು ನೀರು. ಒಂದು ಅಡ್ಡ ಓಣಿಗೆ ತಿರುಗಿದ ಮೇಲೆ ಮೊಣಕಾಲು. ಆಮೇಲೆ ತೊಡೆ. ಹೊಲದ ನೀರಿನಲ್ಲಿ ನಡೆದವನಿಗೆ ಕಾಲಿನ ಕೆಳಗೆ ಏನಿದೆ ಎಂದು ಗೊತ್ತಾಗುತ್ತದೆ. ಪಟ್ಟಣದ ನೀರಿನಲ್ಲಿ ಅದು ಗೊತ್ತಾಗುವುದಿಲ್ಲ. ನೀರು ಹೋಗಲೆಂದು ಚರಂಡಿಯ ಮುಚ್ಚಳಗಳನ್ನು ಎಲ್ಲೆಲ್ಲಿ ತೆಗೆದಿರುತ್ತಾರೋ, ಯಾವ ಕಂಬದಿಂದ ವಿದ್ಯುತ್ ತಂತಿ ಕಳಚಿ ಬಿದ್ದಿದೆಯೋ ಯಾರಿಗೆ ಗೊತ್ತು? ಒಂದು ಹೆಜ್ಜೆ ಇಟ್ಟೆ, ಕೆಳಗೆ ನೆಲವೇ ಇಲ್ಲ. ಎದೆಯ ತನಕ ಇಳಿದುಹೋದೆ. ಕೆಳಗಿನಿಂದ ಯಾರೋ ಕಾಲು ಹಿಡಿದು ಎಳೆದ ಹಾಗೆ ಸೆಳೆತ. ಕೈಗೆ ಸಿಕ್ಕಿದ್ದು ಒಂದು ಬಿದಿರಿನ ಗಳ. ಓಣಿಯ ಬಾಯಲ್ಲಿ ಸಣ್ಣ ಊಟದಂಗಡಿ ನಡೆಸುವವನೊಬ್ಬ, ನಾನು ಬರುವುದನ್ನು ನೋಡುತ್ತಲೇ ಕೂಗಿಕೊಂಡಿದ್ದನಂತೆ. ನನಗೆ ಅರ್ಥವಾಗಿರಲಿಲ್ಲ. ಗಳ ಚಾಚಿದವನು ಅವನೇ. ಎಳೆದು ಮೆಟ್ಟಿಲ ಮೇಲೆ ಕೂರಿಸಿ ಹೇಳಿದ: 'ದಿತೊ ಕಾ ಲಾಂಗ್.' ನೀನು ಇಲ್ಲೇ ಇರು, ಅಷ್ಟೇ.

ಅವನ ಅಂಗಡಿಯ ಮಹಡಿಯಲ್ಲಿ ಆ ರಾತ್ರಿ ನಾವು ಇಪ್ಪತ್ತಕ್ಕೂ ಹೆಚ್ಚು ಜನ. ದೀಪವಿಲ್ಲ. ಅವನ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಶುಂಠಿ ಹಾಕಿದ ಅಕ್ಕಿ ಗಂಜಿ ಕಾಯಿಸಿ ಎಲ್ಲರಿಗೂ ಹಂಚಿದಳು. 'ಲುಗಾವ್' ಅನ್ನುತ್ತಾರೆ ಅದಕ್ಕೆ. ಜ್ವರ ಬಂದಾಗ ನಮ್ಮ ಅವ್ವ ಮಾಡಿಕೊಡುವ ಗಂಜಿಯದೇ ರುಚಿ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ರಾತ್ರಿಯೆಲ್ಲ ಅವನು ಟಾರ್ಚು ಹಿಡಿದು ಬಾಗಿಲಲ್ಲಿ ನಿಂತಿದ್ದ. ನನ್ನ ಹಾಗೆ ಹೋಗುತ್ತಿದ್ದ ಇನ್ನೂ ಐದಾರು ಜನರನ್ನು ನಿಲ್ಲಿಸಿ ಮೇಲಕ್ಕೆ ಕಳುಹಿಸಿದ.

ಬೆಳಗಾದಾಗ ಬಿಸಿಲು ಬಂತು. ನೀರು ಇಳಿದು ಕೆಸರು ಉಳಿದಿತ್ತು. ನಡೆದು, ಜೀಪ್ನಿ ಹತ್ತಿ, ಬಸ್ಸು ಬದಲಿಸಿ ಸಂಜೆಗೆ ಲಾಸ್ ಬಾನ್ಯೋಸ್ ಮುಟ್ಟಿದೆ. ದಾರಿಯ ಎಡಕ್ಕೆ ಲಗೂನಾ ದೊಡ್ಡಕೆರೆಯ ದಂಡೆಯ ಊರುಗಳೆಲ್ಲ ನೀರಿನಲ್ಲಿದ್ದವು. ಮರಿಕಿನಾ ನದಿಯ ನೆರೆ ಮನಿಲಾಗೆ ನುಗ್ಗದಿರಲೆಂದು ಅದನ್ನು ಈ ಕೆರೆಗೆ ತಿರುಗಿಸುವ ಕಾಲುವೆ ತೋಡಿದ್ದಾರೆ. ಒಳಗೆ ಬರಲು ಹಲವು ದಾರಿ, ಹೊರಗೆ ಹೋಗಲು ಒಂದೇ ನದಿ. ಆದ್ದರಿಂದ ಪಟ್ಟಣದ ನೀರು ಒಂದೆರಡು ದಿನದಲ್ಲಿ ಇಳಿದರೂ ಕೆರೆದಂಡೆಯವರು ತಿಂಗಳುಗಟ್ಟಲೆ ನೀರಿನಲ್ಲೇ ಬದುಕಿದರು. ಹಾಸ್ಟೆಲಿಗೆ ಹೋದರೆ ನನ್ನ ಬಾಂಗ್ಲಾ ಸಹಪಾಠಿ ಸ್ನಾನ ಮಾಡಿ ಚಹಾ ಕುಡಿಯುತ್ತ ಕೂತಿದ್ದ. ರಾತ್ರಿ ಬಸ್ಸಿನಲ್ಲೇ ಮಲಗಿದ್ದನಂತೆ. ಬೆಳಗಿನ ಜಾವ ಬಸ್ಸು ಹೊರಟಿತಂತೆ. ಜೀವ ಪಣಕ್ಕಿಟ್ಟು ನಡೆದ ನಾನು ಅವನಿಗಿಂತ ಎರಡು ತಾಸು ತಡ!

ಆ ನೆರೆಯಲ್ಲಿ ಫಿಲಿಪ್ಪೀನ್ಸಿನಲ್ಲಿ ಸತ್ತವರು 464 ಜನ. ನೀರಲ್ಲಿ ನಡೆದವರಿಗೆ ಮುಂದಿನ ವಾರಗಳಲ್ಲಿ ಇಲಿ ಜ್ವರ ಬಂತು. ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ತಗುಲಿ, ನೂರಕ್ಕೂ ಹೆಚ್ಚು ಜನರ ಜೀವ ತೆಗೆಯಿತು.

ಭಾನುವಾರ ರಾತ್ರಿ ಊರಿಗೆ ಫೋನು ಹತ್ತಿತು. ಟಿ.ವಿ.ಯಲ್ಲಿ ಮನಿಲಾ ನೋಡಿ ಅವ್ವ ಊಟ ಬಿಟ್ಟು ಕೂತಿದ್ದಳು. 'ಅಲ್ಲೋ, ನೀರಿನ್ಯಾಗ ಯಾಕ ಇಳದಿ? ದಂಡಿ ಮ್ಯಾಲ ಹುಟ್ಟಿದವ ನೀನು, ಅಷ್ಟೂ ತಿಳೀಲಿಲ್ಲೇನು?' ಎಂದು ಬೈದಳು. ಬೈಗುಳ ಕೇಳಿ ಹೊಟ್ಟೆ ತುಂಬಿತು.

ಇನ್ನು ಎರಡನೆಯ ನೆರೆ. ಅದೇ ವಾರದ ಕೊನೆಗೆ ನಮ್ಮ ಕಡೆ ಮಳೆ ಹಿಡಿಯಿತು. ಉತ್ತರ ಕರ್ನಾಟಕ, ರಾಯಲಸೀಮೆ, ತೆಲಂಗಾಣ ಎಲ್ಲೆಲ್ಲೂ ಬಿಡದ ಮಳೆ. ಬರಗಾಲದ ಸೀಮೆ ನಮ್ಮದು, ಮಳೆ ಬಂದರೆ ಕೈಮುಗಿಯುವವರು ನಾವು. ಅಕ್ಟೋಬರ್ 1ರ ಗುರುವಾರ ರಾತ್ರಿ ನಾನು ತಮ್ಮನಿಗೆ ಫೋನು ಮಾಡಿದೆ. ಅವನು ಆದೋನಿಯಲ್ಲಿ, ಅಕ್ಕನ ಮನೆಯಲ್ಲಿದ್ದ. ಮೋಟಾರ್ ಸೈಕಲ್ಲು ಹೊರಗೆ ತೆಗೆದು ನಿಂತಿದ್ದ. ನಮ್ಮೂರಿನ ಇನ್ನೊಬ್ಬನೂ ಅವನ ಜೊತೆಗಿದ್ದ. ಅವನ ಹೆಸರನ್ನು ನಾನು ಹೇಳುವುದಿಲ್ಲ. ಅವನ ಹೆಂಡತಿ ಹಸಿ ಬಾಣಂತಿ.

'ಹೊಳಿ ಏರಾಕ ಹತ್ತೇತಂತ ಅಣ್ಣ. ಅವ್ವ ಒಬ್ಬಾಕೇ ಅದಾಳ. ನಾ ಇಲ್ಲಿ ಹೆಂಗ ಕುಂದರ್ಲಿ?' ಎಂದ ತಮ್ಮ.

ಆದೋನಿಯಿಂದ ನಮ್ಮೂರಿಗೆ ಹೋಗುವ ದಾರಿಯಲ್ಲಿ ಹಳ್ಳಗಳಿವೆ. ತೆಲುಗಿನಲ್ಲಿ ವಂಕ ಅನ್ನುತ್ತೇವಲ್ಲ, ಅವೇ. ಬೇಸಿಗೆಯಲ್ಲಿ ಅವು ಬರೀ ಮರಳು. ಮಳೆ ಬಂದಾಗ ಒಂದು ತಾಸಿನಲ್ಲಿ ಆಳೆತ್ತರ ಹರಿಯುತ್ತವೆ. ನನ್ನ ಕಾಲಿನಲ್ಲಿ ಆ ಚರಂಡಿಯ ಸೆಳೆತ ಇನ್ನೂ ಹಾಗೇ ಇತ್ತು. 'ಹೊರಡಬೇಡ. ನನ್ನಾಣೆ. ಬೆಳಗಾಗಲಿ. ಊರಲ್ಲಿ ಅವ್ವನ್ನ ನೋಡಿಕೊಳ್ಳೋರು ಇದ್ದಾರೆ. ನೀನು ಹಳ್ಳಕ್ಕೆ ಇಳಿದರೆ ಅವ್ವನಿಗೆ ಇಬ್ಬರ ಚಿಂತೆ' ಎಂದೆ. ತಮ್ಮ ಸಿಟ್ಟಿನಿಂದ ಫೋನು ಇಟ್ಟ. ಆದರೆ ಹೊರಡಲಿಲ್ಲ. ಆ ಇನ್ನೊಬ್ಬ ಹೊರಟ.

ನಮ್ಮೂರಿನಲ್ಲಿ ಆಗಿದ್ದು ಇಷ್ಟು. ಕಾಲುವೆ ನೀರು ಬಿಡುವ ಮುದುಕ ನೀರಗಂಟಿ ಹೊಳೆಯ ಬಣ್ಣವನ್ನೂ ಸದ್ದನ್ನೂ ನೋಡಿ ಅನುಮಾನಪಟ್ಟು, ಮಧ್ಯರಾತ್ರಿಗೇ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿದ. ಕನ್ನಡದವರ ಓಣಿಯಲ್ಲಿ 'ಹೊಳಿ ಬಂತು, ಏಳ್ರಿ' ಎಂದ. ತೆಲುಗಿನವರ ಓಣಿಯಲ್ಲಿ 'ಏರು ವಚ್ಚಿಂದಿ, ಲೇವಂಡಿ' ಎಂದ. ಯಾವ ಮನೆಯವರಿಗೆ ಯಾವ ಮಾತು ನಿದ್ದೆಯಲ್ಲೂ ನಾಟುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಪಕ್ಕದ ಮನೆಯವರು ಅವ್ವನನ್ನು ಕೈಹಿಡಿದು ದಿಬ್ಬದ ಮೇಲಿನ ಶಾಲೆಗೆ ಕರೆದೊಯ್ದರು. ನೀರು ಮನೆಗಳನ್ನು ಹೊಗುವ ಹೊತ್ತಿಗೆ ಊರು ಖಾಲಿಯಾಗಿತ್ತು. ಎತ್ತು ಎಮ್ಮೆ ಹೋದವು, ಕಾಳುಕಡಿ ಹೋಯಿತು, ಗೋಡೆ ಕುಸಿದವು. ಊರಿನಲ್ಲಿದ್ದ ಒಂದು ಜೀವವೂ ಹೋಗಲಿಲ್ಲ.

ಅಕ್ಟೋಬರ್ 2ರಂದು ಮಂತ್ರಾಲಯದ ಮಠದೊಳಗೆ ನೀರು ಹೊಕ್ಕದ್ದು, ಯಾತ್ರಿಕರು ಮಹಡಿಗಳ ಮೇಲೆ ಸಿಕ್ಕಿಕೊಂಡದ್ದು, ಕರ್ನೂಲು ಪಟ್ಟಣ ತುಂಗಭದ್ರೆ ಮತ್ತು ಹಂದ್ರಿಯ ನಡುವೆ ಮುಳುಗಿದ್ದು, ಶ್ರೀಶೈಲದ ಜಲಾಶಯ ತನ್ನ ಪೂರ್ಣ ಮಟ್ಟವಾದ 885 ಅಡಿಯನ್ನೂ ಮೀರಿ ಏರಿದ್ದು ನಿಮ್ಮಲ್ಲಿ ಬಹಳ ಜನರಿಗೆ ನೆನಪಿರಬಹುದು. ನಾನು ಮೂರು ದಿನ ಲಾಸ್ ಬಾನ್ಯೋಸಿನಲ್ಲಿ ಫೋನು ಹಿಡಿದು ಕೂತಿದ್ದೆ. ಹಿಂದಿನ ವಾರ ಅವ್ವ ಕೂತ ಹಾಗೆ.

ತಮ್ಮ ನೀರು ಇಳಿದ ಮೇಲೆ ಊರಿಗೆ ಹೋಗಿ ಅವ್ವನನ್ನು ಕಂಡ. ಆ ಇನ್ನೊಬ್ಬನ ಮೋಟಾರ್ ಸೈಕಲ್ಲು ಹಳ್ಳದ ಕೆಳಗೆ ಸಿಕ್ಕಿತು. ಅವನು ನಾಲ್ಕನೆಯ ದಿನ ಜಾಲಿಯ ಪೊದೆಯಲ್ಲಿ ಸಿಕ್ಕ.

ತರಬೇತಿ ಮುಗಿಸಿ ಊರಿಗೆ ಬಂದವನು ಅವರ ಮನೆಗೆ ಮಾತಾಡಿಸಲು ಹೋದೆ. ಮನೆ ಅಂದರೆ ಟಾರ್ಪಾಲಿನ ಗುಡಾರ. ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು: 'ಅಣ್ಣಾ, ಅವತ್ತ ರಾತ್ರಿ ನಿಮ್ಮ ತಮ್ಮಗ ಹೋಗಬ್ಯಾಡ ಅಂತ ನೀವು ಫೋನ್ ಮಾಡಿದ್ರಂತ. ಹೌದಾ?'

ಹೌದು ಅಂದೆ. ಆಕೆ ಮತ್ತೇನೂ ಕೇಳಲಿಲ್ಲ.

ಕೇಳುಗ ಬಂಧುಗಳೇ, ನನ್ನ ತಮ್ಮನಿಗೆ ಆಣೆಯಿಟ್ಟು ಹೇಳಿದ ನನಗೆ, ಫೋನು ಪಕ್ಕದವನ ಕೈಗೆ ಕೊಡು, ಅವನಿಗೂ ಒಂದು ಮಾತು ಹೇಳುತ್ತೇನೆ ಎಂದು ಹೊಳೆಯಲಿಲ್ಲ. ಮನಿಲಾದ ಆ ಊಟದಂಗಡಿಯವನು ಗುರುತು ಪರಿಚಯವಿಲ್ಲದವರನ್ನೆಲ್ಲ ನಿಲ್ಲಿಸಿದ್ದ. ನಾನು ನನ್ನವನನ್ನು ಮಾತ್ರ ನಿಲ್ಲಿಸಿದೆ. ಇಂದು ಈ ಮಾತನ್ನು ನಿಮ್ಮೆದುರು ಆಡುತ್ತಿರುವುದು ಅದಕ್ಕೇ.

ಎರಡು ನೆರೆಗಳಿಂದ ನಾನು ಕಲಿತದ್ದನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ: ನೀರು ಬರುವ ಮುನ್ನ ಹೊರಡಬೇಕು, ನೀರು ಬಂದ ಮೇಲೆ ನಿಲ್ಲಬೇಕು. ಹೊಳೆದಂಡೆಯ ತಗ್ಗಿನ ಮನೆಯಲ್ಲಿದ್ದರೆ ಸಾಮಾನಿನ ಆಸೆ ಬಿಟ್ಟು, ಬೆಳಕಿರುವಾಗಲೇ ಎತ್ತರಕ್ಕೆ ಹೋಗಿರಿ. ದಾರಿಯಲ್ಲಿದ್ದು, ಮುಂದೆ ನೀರು ಅಡ್ಡ ಹರಿಯುತ್ತಿದ್ದರೆ ಅಲ್ಲೇ ಎತ್ತರ ನೋಡಿ ನಿಲ್ಲಿರಿ. ರಭಸದ ನೀರು ಮೊಣಕಾಲಿಗೆ ಬರುವ ಮೊದಲೇ ಗಟ್ಟಿಯಾಳನ್ನು ಕೆಡವುತ್ತದೆ. ಎರಡಡಿ ನೀರಿದ್ದರೆ ಕಾರು ತೇಲುತ್ತದೆ. ಮೇಲೆ ಕಂಡಷ್ಟೇ ನೀರಲ್ಲ, ಕೆಳಗೆ ರಸ್ತೆಯೇ ಕೊಚ್ಚಿಹೋಗಿರಬಹುದು. ನೆರೆಯ ನೀರಲ್ಲಿ ಓಡಾಡಿ ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ನೀರಲ್ಲಿ ನಡೆದದ್ದನ್ನು ಹೇಳಿರಿ. ಮನೆಯಲ್ಲಿ ಕಾಯುವವರಿಗೂ ಒಂದು ಮಾತು. 'ಬೇಗ ಬಾ' ಎಂದು ಫೋನು ಮಾಡಬೇಡಿ. 'ನಾವು ಚೆನ್ನಾಗಿದ್ದೇವೆ, ನೀನು ಅಲ್ಲೇ ಇರು' ಅನ್ನಿ. ಆ ಒಂದು ಮಾತಿಗೆ ಒಂದು ಜೀವ ಉಳಿಸುವ ಬಲವಿದೆ.

ಮನಿಲಾದವರೂ ಪಾಠ ಕಲಿತರು. ಗಾಳಿಯ ಸಂಖ್ಯೆಯೊಂದೇ ಸಾಲದೆಂದು ಮಳೆಗೆ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣದ ಎಚ್ಚರಿಕೆ ತಂದರು. ಮರಿಕಿನಾ ನದಿ 15 ಮೀಟರ್ ಮುಟ್ಟಿದರೆ ಮೊದಲ ಸೈರನ್, 16ಕ್ಕೆ ಎರಡನೆಯದು, 18ಕ್ಕೆ ಮೂರನೆಯದು. ಮೂರನೆಯದು ಕೂಗಿತೆಂದರೆ ಎಲ್ಲರೂ ಮನೆ ಬಿಡಲೇಬೇಕು. 2020ರ ನವೆಂಬರಿನಲ್ಲಿ ಇನ್ನೊಂದು ಟೈಫೂನ್ ಬಂದು ನದಿ 2009ರ ಮಟ್ಟಕ್ಕೇ ಏರಿದಾಗ ಅಲ್ಲಿ ಪ್ರಾಣಹಾನಿ ಬಹಳ ಕಡಿಮೆಯಾಯಿತು. ಎಚ್ಚರಿಕೆ ಇದ್ದರೆ ಸಾಲದು, ಅದು ಕೇಳುವವನಿಗೆ ತಿಳಿಯಬೇಕು. ಗಡಿಯಲ್ಲಿರುವ ನಮಗೆ ಇದು ಇನ್ನೂ ಮುಖ್ಯ. ಸರ್ಕಾರದ ಎಚ್ಚರಿಕೆ ನಮ್ಮಲ್ಲಿ ತೆಲುಗಿನಲ್ಲಿ ಬರುತ್ತದೆ, ನಿಮ್ಮಲ್ಲಿ ಮರಾಠಿಯಲ್ಲೋ ಮಲಯಾಳದಲ್ಲೋ ತಮಿಳಿನಲ್ಲೋ ಬರುತ್ತದೆ. ನಮಗೆ ನಿಮಗೆ ಅರ್ಥವಾದೀತು. ಒಳಮನೆಯ ಮುದುಕಿಗೆ ಅರ್ಥವಾಯಿತೇ ಎಂದು ನೋಡಬೇಕು. ನಮ್ಮೂರ ನೀರಗಂಟಿಯ ಹಾಗೆ ಎರಡೂ ಮಾತಿನಲ್ಲಿ ಕೂಗಬೇಕು.

ಅಂದು ಒಬ್ಬನಿಗೆ ಹೇಳದೆ ಬಿಟ್ಟ ಮಾತನ್ನು ಇಂದು ನಿಮಗೆ ಹೇಳಿದ್ದೇನೆ. ನೀವು ಕೇಳಿ ಸುಮ್ಮನಾಗಬೇಡಿ. ಪಕ್ಕದಲ್ಲಿ ನಿಂತವನಿಗೂ ಹೇಳಿ.